ಸಿನಿಮಾದಲ್ಲಿಲ್ಲದ ತಂಗಿ

ಪಿರೋಷ್ಕಾ ಅಕ್ಕಾ,

ನೀನು ತೀರಿಹೋಗಿ ವರ್ಷವಾದ ಮೇಲೆ, ನಿನ್ನ ಪುಸ್ತಕದ ಸಿನಿಮಾ ಇವತ್ತು ಬುಡಾಪೆಸ್ಟಿಗೆ ಬಂತು. ನೋಡಿಬಂದೆ. ನಾಜಿಗಳ ಕಣ್ಣು ತಪ್ಪಿಸಿ ಕಲ್ಲಿದ್ದಲಿನ ನೆಲಮಾಳಿಗೆಯಲ್ಲಿ ನಾವಿಬ್ಬರೂ ಅಡಗಿದ್ದ ಆ ಚಳಿಗಾಲ, ಪರದೆಯ ಮೇಲೆ ನಿನ್ನೊಬ್ಬಳದೇ. ಯೆಹೂದಿಗಳೆಂಬ ಗುರುತಿಗೆ ಕೋಟಿನ ಮೇಲೆ ಹೊಲಿಸಿದ್ದ ಹಳದಿ ನಕ್ಷತ್ರ ಕಿತ್ತುಹಾಕಿ ಬ್ರೆಡ್ ತರಲು ಹೋದವಳು ನಾನು. ಸಿನಿಮಾದಲ್ಲಿ ನೀನು ಹೋಗುತ್ತೀಯ. ಜನ ಬಿಕ್ಕಿ ಬಿಕ್ಕಿ ಅತ್ತರು. ನನಗೆ ಹೊಟ್ಟೆ ಉರಿಯಿತು.

ಬರೆಯುವಾಗ ನೀನು ಫೋನ್ ಮಾಡಿ, "ನಿನ್ನನ್ನೂ ಸೇರಿಸ್ಲೇನೇ?" ಅಂತ ಕೇಳಿದ್ದೆ.

"ನನ್ನ ಸುದ್ದಿ ಎತ್ತಿದ್ರೆ ನೀನು ನನ್ನ ಅಕ್ಕನೇ ಅಲ್ಲ" ಅಂದಿದ್ದೆ. ಪುಸ್ತಕದಲ್ಲಿ ನೀನು ಎತ್ತಲಿಲ್ಲ.

ಹೊರಗೆ ಬರುವಾಗ ಪಕ್ಕದ ಹೆಂಗಸು ಕಣ್ಣೊರೆಸಿಕೊಳ್ಳುತ್ತಾ, "ಪಾಪ, ಒಬ್ಬಳೇ ಹೇಗೆ ಬದುಕಿದಳೋ!" ಅಂದಳು.

"ಒಬ್ಬಳೇ ಅಲ್ಲಮ್ಮ, ಜೊತೆಗೆ ತಂಗಿ ಇದ್ದಳು."

"ಹೌದಾ? ಪುಸ್ತಕದಲ್ಲೂ ಇಲ್ವಲ್ಲ! ಅಲ್ಲೇ ಸತ್ತುಹೋದ್ಲಾ?"

ಹೂಂ ಅಂದುಬಿಟ್ಟೆ.

ಎತೆಲ್ಕ