ಹಸಿರು ದೇಶದಲ್ಲಿ ಮಂಚದಡಿ ಮಲಗಿದ ಮನುಷ್ಯ

ವಿದೇಶ ಸುರಕ್ಷತಾ ಸಹಾಯ ಕೇಂದ್ರದ ಮುಖ್ಯಾಧಿಕಾರಿಗಳೇ,

ಬೊಮ್ಮಸಂದ್ರದ ಕಾರ್ಖಾನೆಯೊಂದರ ಫಿಟ್ಟರ್ ಆವಲಪ್ಪನವರನ್ನು, ಸೈನ್ಯ ಅಧಿಕಾರ ಕಸಿದುಕೊಂಡ ದೇಶವೊಂದರಲ್ಲಿ ನೀವು ಕೈಬಿಟ್ಟಿದ್ದೀರಿ. ಅವರು ಹೊರಬರಬಹುದಾಗಿದ್ದ ನಾಲ್ಕೂ ದಿನ ಆ ದೇಶ ನಿಮ್ಮ ಪಟ್ಟಿಯಲ್ಲಿ ಹಸಿರಾಗಿತ್ತು, ಅಂದರೆ ಸುರಕ್ಷಿತ. ವಿಮಾನ ಕಳಿಸುವುದು ಕೆಂಪು ದೇಶಗಳಿಗೆ ಮಾತ್ರ. ನಿಯಮ ಸ್ಪಷ್ಟವಾಗಿದೆ. ಸ್ಪಷ್ಟವಿಲ್ಲದ್ದು ಆವಲಪ್ಪನವರು ಬದುಕಿದ್ದಾರೋ ಇಲ್ಲವೋ ಎಂಬುದಷ್ಟೇ.

ಕಾರ್ಖಾನೆ ಮಾರಿದ ಯಂತ್ರವನ್ನು ಜೋಡಿಸಿಕೊಡಲು ಅವರು ಅಲ್ಲಿಗೆ ಹೋಗಿದ್ದರು. ಅವರ ಹೆಂಡತಿ ಶಿವಲಿಂಗಮ್ಮ ಎಲೆಕ್ಟ್ರಾನಿಕ್ ಸಿಟಿಯ ನಮ್ಮ ಆಫೀಸಿನಲ್ಲಿ ಕಾಫಿ ಮಾಡುತ್ತಾರೆ. ಗುರುವಾರ ಅವರು ನಿಮ್ಮ ಸಹಾಯವಾಣಿಗೆ ಫೋನ್ ಮಾಡಿದಾಗ ನಾನು ಪಕ್ಕದಲ್ಲೇ ಇದ್ದೆ.

“ಅಲ್ಲಿ ಗಲಾಟೆ ಏನಿಲ್ಲಮ್ಮ. ಇದ್ದಿದ್ರೆ ನಮ್ ಲಿಸ್ಟಲ್ಲಿ ಬರ್ತಿತ್ತು” ಎಂದರು ನಿಮ್ಮ ಸಿಬ್ಬಂದಿ.

“ಮತ್ತೆ ನಮ್ಮೆಜಮಾನ್ರು ಯಾಕ್ ಸಾರ್ ನಾಕ್ ದಿನದಿಂದ ಮಂಚದಡೀಲಿ ಮಲಗವ್ರೆ?”

“ಹೆದ್ರಿಕೊಂಡಿರ್ಬೇಕು. ಮೇಲೆ ಮಲಕೊಳ್ಳೋಕೆ ಹೇಳಿ.”

“ಅಂಗೇ ಏಳ್ತೀನಿ ಸಾರ್. ಗುಂಡು ಬಂದ್ರೆ ನಿಮ್ ಲಿಸ್ಟ್ ತೋರ್ಸಿ ಅಂತಾನೂ ಏಳ್ತೀನಿ.”

ನಿಮ್ಮ ಸಿಬ್ಬಂದಿಯನ್ನು ದೂರುವುದಿಲ್ಲ. ಪಟ್ಟಿಯಲ್ಲಿ ಇದ್ದುದನ್ನೇ ಓದಿದರು. ಪಟ್ಟಿಗೆ ಅದು ಬಂದದ್ದು ಎಲ್ಲಿಂದ? ಫೋನ್ ಇಟ್ಟ ಮೇಲೆ ನಿಮ್ಮ ಪ್ರಕಟಣೆಯ ಕೊನೆಯ ಸಾಲನ್ನು ಮೊದಲ ಬಾರಿಗೆ ಓದಿದೆ. ‘ಆಧಾರ: ಖಾಸಗಿ ಸಂಸ್ಥೆಯ ಮೌಲ್ಯಮಾಪನ’ ಎಂದಿತ್ತು. ಆ ಸಂಸ್ಥೆ ನಮ್ಮದು.

ಹೌದು, ದೇಶಗಳಿಗೆ ಬಣ್ಣ ಹಚ್ಚುವುದು ನನ್ನ ಉದ್ಯೋಗ. ಎಲ್ಲಿ ಚುನಾವಣೆ ರದ್ದಾಯಿತು, ಎಲ್ಲಿ ಅಧ್ಯಕ್ಷ ಓಡಿಹೋದ, ಎಲ್ಲಿ ಸೇನಾಪತಿ ಟಿವಿಯಲ್ಲಿ ಕಾಣಿಸಿಕೊಂಡ ಎಂದೆಲ್ಲ ಏಸಿ ಕೋಣೆಯಲ್ಲಿ ಕೂತು ಬರೆಯುತ್ತೇನೆ. ಯಾವುದೇ ದೇಶವನ್ನು ಕೆಂಪು ಮಾಡುವ ಮುನ್ನ ಸರ್ಕಾರಿ ಪ್ರಕಟಣೆಯೊಂದರ ಆಧಾರ ಬೇಕೆಂಬುದು ನಮ್ಮ ನಿಯಮ. ಸೋಮವಾರ ನಿಮ್ಮ ಪ್ರಕಟಣೆ ನೋಡಿದೆ. ಪರಿಸ್ಥಿತಿ ಸಾಮಾನ್ಯ ಎಂದಿತ್ತು. ಹಸಿರನ್ನೇ ಉಳಿಸಿದೆ. ನೀವು ನಮ್ಮ ಹಸಿರು ನೋಡಿ ಸಾಮಾನ್ಯ ಎಂದಿರಿ. ನಾವಿಬ್ಬರೂ ಒಬ್ಬರನ್ನೊಬ್ಬರು ಎಷ್ಟು ಶ್ರದ್ಧೆಯಿಂದ ನೋಡುತ್ತಿದ್ದೆವೆಂದರೆ, ಆ ದೇಶವನ್ನು ನೋಡಲು ಯಾರಿಗೂ ಪುರುಸೊತ್ತಾಗಲಿಲ್ಲ.

ಶುಕ್ರವಾರ ವಿಮಾನ ನಿಲ್ದಾಣ ಮುಚ್ಚಿತು. ಮಧ್ಯಾಹ್ನ ಆವಲಪ್ಪನವರ ಫೋನ್ ಸ್ತಬ್ಧವಾಯಿತು. ನಿಲ್ದಾಣ ಮುಚ್ಚಿದ ಬಗ್ಗೆ ಅಲ್ಲಿನ ಸರ್ಕಾರದ ಪ್ರಕಟಣೆ ಸಿಕ್ಕಿದ ಮೇಲೆ, ಶನಿವಾರ ನಾವು ಕೆಂಪು ಮಾಡಿದೆವು. ಒಂದೇ ಗಂಟೆಯಲ್ಲಿ ನೀವೂ ಮಾಡಿ, ‘ತ್ವರಿತ ಕ್ರಮ’ ಎಂದು ಪತ್ರಿಕೆಗಳಿಗೆ ತಿಳಿಸಿದಿರಿ. ಹಸಿರು ದೇಶಕ್ಕೆ ವಿಮಾನ ಕಳಿಸುವಂತಿಲ್ಲ, ಕೆಂಪು ದೇಶದಲ್ಲಿ ಇಳಿಸುವಂತಿಲ್ಲ. ಹಾಗಾದರೆ ನಿಮ್ಮ ಕೇಂದ್ರ ಕಾಪಾಡುವುದು ಯಾರನ್ನು? ತನ್ನನ್ನೇ ಅಲ್ಲವೇ?

ಇಷ್ಟು ಬರೆದು ನಿಮ್ಮ ಮೇಲೆ ಹೊರಿಸಿಬಿಟ್ಟರೆ ನನಗೆ ಹಗುರವಾಗುತ್ತಿತ್ತು. ಆದರೆ ಮಂಗಳವಾರವೇ ಶಿವಲಿಂಗಮ್ಮ ಗಂಡ ಕಳಿಸಿದ ವಿಡಿಯೊ ತೋರಿಸಿದ್ದರು. ಬೀದಿಯಲ್ಲಿ ಟ್ಯಾಂಕು ನಿಂತಿತ್ತು. ನೋಡಿದೆ, ‘ಖಚಿತವಾಗಿಲ್ಲ’ ಎಂದು ವರದಿಗೆ ಸೇರಿಸಿದೆ. ಒಬ್ಬಳೇ ತಪ್ಪು ಮಾಡುವುದಕ್ಕಿಂತ ನಿಮ್ಮ ಜೊತೆಗೆ ತಪ್ಪು ಮಾಡುವುದು ಕ್ಷೇಮವೆನಿಸಿತೇ? ಅನಿಸಿತ್ತು.

ಇಂದು ಬೆಳಿಗ್ಗೆ ಇದನ್ನೆಲ್ಲ ಶಿವಲಿಂಗಮ್ಮನಿಗೆ ಹೇಳಿದೆ. ಅವರು ಲೋಟ ತೊಳೆಯುತ್ತಲೇ, “ಇಸ್ಕೂಲ್ಗೇ ಓಗ್ದಿರೋ ನಂಗೇ ಅದು ಟ್ಯಾಂಕು ಅಂತ ಗೊತ್ತಾಯ್ತು ಮೇಡಂ” ಎಂದರು.

ನನ್ನ ಬೇಡಿಕೆ ಎರಡು. ಆವಲಪ್ಪನವರ ಕೋಣೆಯ ವಿಳಾಸ ನಿಮ್ಮ ಕೇಂದ್ರಕ್ಕೆ ಕಳಿಸಿದ್ದೇನೆ. ನೆರೆದೇಶದ ಗಡಿಯಿಂದ ರಸ್ತೆ ಇನ್ನೂ ತೆರೆದಿದೆ. ಯಾರನ್ನಾದರೂ ಕಳಿಸಿ ಆ ಬಾಗಿಲು ತಟ್ಟಿಸಿ. ಬಾಗಿಲು ತೆರೆದರೂ, ತೆರೆಯದಿದ್ದರೂ, ಶಿವಲಿಂಗಮ್ಮನಿಗೆ ನೀವೇ ಫೋನ್ ಮಾಡಿ ತಿಳಿಸಿ. ಅವರು ಏನೆನ್ನುತ್ತಾರೋ ಅದನ್ನು ಪೂರ್ತಿ ಕೇಳಿಸಿಕೊಳ್ಳಿ.

ಇಂತಿ,
ತಪ್ಪಿನಲ್ಲಿ ನಿಮ್ಮ ಸಹೋದ್ಯೋಗಿ,
ಪ್ರಿಯಂವದಾ