ಯಾರೂ ಇಲ್ಲದ ಪಟ

ಯಶವಂತಪುರ
೨೧-೧-೧೯೫೮

ಕದಿರಪ್ಪ ಭಾವನವರಿಗೆ ಮುನಿಶಾಮಿಯ ನಮಸ್ಕಾರಗಳು.

ಹೆಬ್ಬಾಳ ಕೆರೆಯಾಚೆಯ ನಿಮ್ಮ ದಿಬ್ಬದ ಪಟ ತೆಗೆದೆನಲ್ಲ, ನೋಡುವವರಿಗೆ ಒಂಟಿತನ ತಟ್ಟಲಿ ಎಂದು ಹನ್ನೊಂದು ಮನೆಗಳೂ ಮಂಜಿನಲ್ಲಿ ಮುಚ್ಚುವವರೆಗೆ ಕಾದಿದ್ದೆ. ನಿಮ್ಮನ್ನೂ ದನಗಳನ್ನೂ ಆಚೆ ಕಳಿಸಿದ್ದೆ. "ನಾವೇನು ದೆವ್ವಗಳೇನೋ, ಇಂಗೆ ಓಡಿಸ್ತೀಯಲ್ಲ" ಎಂದು ಅಕ್ಕ ಬೈದಿದ್ದಳು. ಪಟಕ್ಕೆ ಬಹುಮಾನ ಬಂದಾಗ ನನ್ನಂಥ ಜಾಣನಿಲ್ಲ ಎಂದು ಬೀಗಿದೆ.

ನಿನ್ನೆ ಅದೇ ಪಟ ಜಮೀನು ವಶಪಡಿಸಿಕೊಳ್ಳುವ ಸಾಹೇಬರ ಮೇಜಿನ ಮೇಲಿತ್ತು. "ನರಪಿಳ್ಳೆ ಇಲ್ಲದ ಜಾಗ ಕಣ್ರೀ, ಕಾರ್ಖಾನೆಗೆ ಹೇಳಿ ಮಾಡಿಸಿದ ಹಾಗಿದೆ" ಎಂದರು. ಅಲ್ಲಿ ಮನೆಗಳಿವೆ ಸ್ವಾಮಿ ಎಂದೆ. "ಎಲ್ಲಿ, ತೋರಿಸಿ" ಎಂದು ಪಟವನ್ನು ನನ್ನತ್ತ ತಳ್ಳಿದರು. ಮನೆಗಳು ಕಾಣುವ ಬೇರೆ ಪಟ ತಂದು ತೋರಿಸುತ್ತೇನೆ ಎಂದು ಹೇಳಿ ಬಂದೆ. ಸೋಮವಾರ ಅವರು ದಿಬ್ಬವನ್ನು ವಶಪಡಿಸಿಕೊಳ್ಳುವ ಕಾಗದಕ್ಕೆ ರುಜು ಹಾಕುತ್ತಾರೆ.

ಶುಕ್ರವಾರ ಮಂಜು ಕರಗಿದ ಮೇಲೆ ಬರುತ್ತೇನೆ. ಎಲ್ಲ ಒಲೆಗಳನ್ನೂ ಹೊತ್ತಿಸಿ, ದನಗಳನ್ನು ಮುಂದೆಯೇ ಕಟ್ಟಿ. ಅಕ್ಕನಿಗೆ ಕಾರಣ ಹೇಳಬೇಡಿ, ಹೆದರುತ್ತಾಳೆ. ನನ್ನದು ಹಳೇ ಮರದ ಕ್ಯಾಮರಾ. ಹತ್ತು ಎಣಿಸುವ ತನಕ ಬಾಗಿಲಲ್ಲಿ ನಿಂತವರು ಯಾರೂ ಅಲುಗಕೂಡದು. ಅಲುಗಿದವರು ಪಟದಲ್ಲಿ ಉಳಿಯುವುದಿಲ್ಲ. ಕೂಸುಗಳನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ.

ನಿಮ್ಮ ಬಾಮೈದ,
ಮುನಿಶಾಮಿ