ನಿನ್ನ ಟ್ರೇಲರಿಗೆ ಬೆಂಕಿ ಹತ್ತಲಿಲ್ಲ

ಅವ್ವಾ,

ಇವತ್ತು ನಿನ್ನ ಟ್ರೇಲರನ್ನು ಸುಟ್ಟೆವು. ಸತ್ತವರು ಮಲಗಿದ್ದ ಗೂಡನ್ನು ಸುಡದೆ ಬಿಟ್ಟರೆ ಐರ್ಲೆಂಡಿನ ಅಲೆಮಾರಿಗಳಿಗೆ ಅನ್ನ ಇಳಿಯುತ್ತದೆಯೇ? ಇಟ್ಟಿಗೆ ಮನೆ ಕೊಡುವವರೆಗೆ ಇದರಲ್ಲಿರಿ ಎಂದು ಊರಿನ ಕೌನ್ಸಿಲ್‌ನವರು ಕೊಟ್ಟಿದ್ದ ಗಾಲಿಮನೆ ಅದು. ಸುದ್ದಿ ತಿಳಿದು ಅವರ ಅಧಿಕಾರಿ ಟೂಹಿ ಓಡಿಬಂದ. ಗೋಡೆಯ ಬೂಷ್ಟು ತೋರಿಸಿದಾಗ, "ಅದು ನಿಮ್ಮ ಟೀ ಕೆಟಲಿನ ಹಬೆ, ಕಿಟಕಿ ತೆರೆದಿಡಿ" ಎಂದು ಹೇಳಿ ಹೋಗಿದ್ದನಲ್ಲ, ಅವನೇ.

"ಏನಮ್ಮಾ ಬ್ರೈಡಿ, ಇದು ಸರ್ಕಾರದ ಸ್ವತ್ತು! ಸುಡೋಕೆ ಯಾರು ಹೇಳಿದ್ರು?"

"ನಮ್ಮವ್ವಂಗೆ ಮನೆ ಕೊಡೋದೂ ಸರ್ಕಾರದ ಕೆಲಸಾನೇ ಆಗಿತ್ತಲ್ಲ ಸ್ವಾಮಿ. ಅವಳು ಕೆಮ್ಮಿ ಕೆಮ್ಮಿ ಸಾಯುವಾಗ ಎಲ್ಲಿದ್ರಿ?"

ಆದರೆ ಮೊದಲಿಗೆ ಬೆಂಕಿ ಹತ್ತಲೇ ಇಲ್ಲ, ಅವ್ವಾ. ಸೈಮಿ ಮಾವ ಒಣಹುಲ್ಲು ತುರುಕಿದ, ಡೀಸೆಲ್ ಸುರಿದ. ಗೋಡೆಗಳು ಚುಂಯ್ ಎಂದು ಕಪ್ಪು ನೀರು ಸುರಿಸಿದವು.

"ನೋಡಿ ಸಾಹೇಬ್ರೇ, ನಮ್ಮಕ್ಕನ ಕೆಟಲು ಇನ್ನೂ ಕುದೀತಾನೇ ಇದೆ!" ಎಂದ ಮಾವ.

ಟೂಹಿ ಮುಖ ತಿರುಗಿಸಿ ಕಾರಿನತ್ತ ನಡೆದ. ಅದಕ್ಕೆ ಅಡ್ಡವಾಗಿ ನಾನು ಮೊದಲೇ ವ್ಯಾನು ನಿಲ್ಲಿಸಿದ್ದೆ. ಮಾವ ಮತ್ತೆ ಮತ್ತೆ ಡೀಸೆಲ್ ಸುರಿದ ಮೇಲೆ ಬೆಂಕಿ ಹತ್ತಿತು; ಎಲ್ಲ ಉರಿದು ಮುಗಿಯುವವರೆಗೆ ಅವನು ಜಿನುಗುವ ಮಳೆಯಲ್ಲಿ, ಆ ಹೊಗೆಯಲ್ಲೇ ನಿಂತ. ಕೊನೆಗೆ ಎದೆ ಹಿಡಿದುಕೊಂಡು ಕೆಮ್ಮತೊಡಗಿದ.

"ಕಿಟಕಿ ತೆರೆದಿಡಿ ಸ್ವಾಮಿ," ಎಂದೆ. ಆಮೇಲೆ ನಿಧಾನವಾಗಿ ವ್ಯಾನಿನ ಕೀಲಿ ಹುಡುಕಿದೆ.

ಈಗ ನನ್ನ ಟ್ರೇಲರಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಒಲೆ ಚೆನ್ನಾಗಿ ಉರಿಯುತ್ತಿದೆ, ಗೋಡೆಗಳು ಬೆಚ್ಚಗಿವೆ. ನಿನ್ನನ್ನು ಒಂದು ರಾತ್ರಿಯೂ ನಾನು ಕರೆದು ಮಲಗಿಸದ, ಒಲೆಯ ಪಕ್ಕದ ಹಾಸಿಗೆ ಯಾವತ್ತಿನಂತೆ ಖಾಲಿಯೇ ಇದೆ.

ಬ್ರೈಡಿ